ಎಮ್ಯುಲೇಟರಿನ ವೇಗಕ್ಕೆ ಒಂದೇ ಅಂಕಿ ಕೊಡು ಎಂದರೆ ಯಾವುದನ್ನು ಕೊಡಲಿ?

ತೆಂಗಿನಗರಿ:

ನಮಸ್ಕಾರ. ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ರಿಸ್ಕ್-ಫೈವ್ ಎಂಬ ಬಗೆಯ ಪ್ರೊಸೆಸರಿನ ಎಮ್ಯುಲೇಟರ್ ಒಂದನ್ನು, ಅಂದರೆ ಆ ಪ್ರೊಸೆಸರಿನಂತೆ ನಟಿಸುವ ಪ್ರೋಗ್ರಾಮನ್ನು, ಸಿ ಭಾಷೆಯಲ್ಲಿ ಬರೆದಿದ್ದೇನೆ. 32 ಬಿಟ್, ಪೂರ್ಣಾಂಕದ ಲೆಕ್ಕ, ಗುಣಾಕಾರ, ಭಾಗಾಕಾರ ಇಷ್ಟೇ. ದಶಮಾಂಶದ ತಂಟೆಗೆ ಹೋಗಿಲ್ಲ. ಒಳಗಿರುವುದು ಒಂದು ದೊಡ್ಡ ಸ್ವಿಚ್: ಇನ್‌ಸ್ಟ್ರಕ್ಷನ್ ತೆಗೆದುಕೋ, ಬಿಡಿಸು, ಮಾಡು, ಮುಂದಕ್ಕೆ ಹೋಗು. ಲಿನಕ್ಸಿನ ಸಿಸ್ಟಮ್ ಕಾಲ್‌ಗಳಲ್ಲಿ ಅದಕ್ಕೆ ಗೊತ್ತಿರುವುದು ಎರಡೇ, ಬರೆಯುವುದು ಮತ್ತು ಮುಗಿಸುವುದು. ಎಮ್ಯುಲೇಟರ್ ಸರಿಯಾಗಿ ಓಡುತ್ತದೆ. ಓಡದಿರುವುದು ವರದಿ.

ನಮ್ಮ ಗೈಡ್ ಮೇಡಂ ಅವರಿಗೆ ಮೊದಲ ಪುಟದಲ್ಲೇ ಒಂದು ಅಂಕಿ ಬೇಕು. "ಎಷ್ಟು ಮಿಪ್ಸ್ ಬರುತ್ತದೆ, ಅದನ್ನು ಬರೆ" ಎಂದರು. ಸೆಕೆಂಡಿಗೆ ಎಷ್ಟು ಮಿಲಿಯನ್ ಇನ್‌ಸ್ಟ್ರಕ್ಷನ್ ಎಂಬ ಲೆಕ್ಕ ತಾನೇ, ಐದು ನಿಮಿಷದ ಕೆಲಸ ಎಂದುಕೊಂಡೆ. ಹನ್ನೆರಡು ದಿನಗಳಾದವು.

ಪರೀಕ್ಷೆಗೆ ಇಟ್ಟುಕೊಂಡಿರುವುದು 1 ಕೋಟಿಯವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುವ ಎರಾಟೊಸ್ತನೀಸನ ಜರಡಿ. ಉತ್ತರ 6,64,579 ಬರಬೇಕು, ಬರುತ್ತದೆ. ಜರಡಿಯನ್ನು ಯಾವ ಆಪ್ಟಿಮೈಸೇಷನ್ನೂ ಇಲ್ಲದೆ, ಅಂದರೆ ಓ0ನಲ್ಲಿ ಕಂಪೈಲ್ ಮಾಡಿದಾಗ 40 ಕೋಟಿ ಇನ್‌ಸ್ಟ್ರಕ್ಷನ್, 2.6 ಸೆಕೆಂಡು, ಸುಮಾರು 154 ಮಿಪ್ಸ್. ಕೋಡನ್ನು ಚುರುಕುಗೊಳಿಸು ಎಂದು ಕಂಪೈಲರಿಗೆ ಹೇಳುವ ಓ2ನಲ್ಲಿ 12 ಕೋಟಿ ಇನ್‌ಸ್ಟ್ರಕ್ಷನ್, 1 ಸೆಕೆಂಡು; 120 ಮಿಪ್ಸ್. ಕೆಲಸ ಎರಡೂವರೆ ಪಟ್ಟು ಬೇಗ ಮುಗಿಯಿತು, ಅಂಕಿ ಮಾತ್ರ ಇಳಿಯಿತು! ಮೇಡಂ ಕೈಗೆ 154 ಕೊಟ್ಟರೆ ಖುಷಿಪಡುತ್ತಾರೆ. ನನಗೆ ಮಾತ್ರ ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸಿ ತೂಗಿದ ಹಾಗೆ ಅನ್ನಿಸುತ್ತಿದೆ.

ಎರಡನೆಯದು. ಮನೆ ತಿಪಟೂರಿನ ಹತ್ತಿರದ ಹಳ್ಳಿ, ಲ್ಯಾಪ್‌ಟಾಪಿಗೆ ಎಂಟು ವರ್ಷ ವಯಸ್ಸು. ಬೇಸಿಗೆಯಲ್ಲಿ ಕರೆಂಟ್ ಹೋಗುವ ಹೊತ್ತು ಪಂಚಾಂಗ ನೋಡಿದರೂ ತಿಳಿಯದು. ಬ್ಯಾಟರಿಗೆ ಬಂದ ಕೂಡಲೇ ಅದೇ ಜರಡಿಗೆ 1 ಸೆಕೆಂಡಿನ ಬದಲು 1.7 ಸೆಕೆಂಡು ಹಿಡಿಯುತ್ತದೆ. ಬೇಸತ್ತು ಲಿನಕ್ಸಿನ ಅಳತೆಯ ಸಾಧನವಾದ ಪರ್ಫ್ ಸ್ಟ್ಯಾಟ್‌ನಲ್ಲಿ ಕಾಲದ ಬದಲು ಇನ್‌ಸ್ಟ್ರಕ್ಷನ್‌ಗಳನ್ನೇ ಎಣಿಸತೊಡಗಿದೆ. ಕರೆಂಟ್ ಇರಲಿ ಬಿಡಲಿ, ಲ್ಯಾಪ್‌ಟಾಪಿನ ಎಕ್ಸ್86 ಪ್ರೊಸೆಸರ್ ಓಡಿಸಿದ್ದು 312 ಕೋಟಿ. ಒಂದು ಓಟಕ್ಕೂ ಇನ್ನೊಂದಕ್ಕೂ ಕೆಲವು ಸಾವಿರದ ವ್ಯತ್ಯಾಸ. ಅಂತೂ ಅಲುಗಾಡದ ಕೋಲೊಂದು ಸಿಕ್ಕಿತು ಎಂದು ಆ ದಿನ ನೆಮ್ಮದಿಯಾಗಿ ಮಲಗಿದೆ.

ಮರುದಿನ ಆ ಕೋಲೂ ಕೈಕೊಟ್ಟಿತು. ಪ್ರತಿ ಇನ್‌ಸ್ಟ್ರಕ್ಷನ್ನನ್ನು ಒಂದೇ ಸಲ ಬಿಡಿಸಿ ಪಟ್ಟಿಯಲ್ಲಿ ಇಟ್ಟುಕೊಂಡು, ಆಮೇಲೆ ಪಟ್ಟಿಯನ್ನೇ ಓದುವ ಹಾಗೆ ಬದಲಾಯಿಸಿದೆ. 312 ಕೋಟಿ ಇದ್ದದ್ದು 204 ಕೋಟಿಗೆ ಇಳಿಯಿತು. ಮೂರರಲ್ಲೊಂದು ಪಾಲು ಹೋಯಿತು! ಕಾಲ? 1 ಸೆಕೆಂಡು ಇದ್ದದ್ದು 0.9.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಹೋಲಿಕೆಗೆಂದು ಅದೇ ಫೈಲನ್ನು ಕ್ಯೂಎಮು ಎಂಬ ಹೆಸರಾಂತ ಎಮ್ಯುಲೇಟರಿನ ಯೂಸರ್ ಮೋಡ್‌ನಲ್ಲಿ, ಅಂದರೆ ಇಡೀ ಯಂತ್ರವನ್ನಲ್ಲದೆ ಒಂದು ಪ್ರೋಗ್ರಾಮನ್ನಷ್ಟೇ ಓಡಿಸುವ ಬಗೆಯಲ್ಲಿ, ಓಡಿಸಿದೆ. ಎಷ್ಟು ಇನ್‌ಸ್ಟ್ರಕ್ಷನ್ ಮುಗಿದವು ಎಂದು ಹೇಳುವ ಇನ್‌ಸ್ಟ್ರೆಟ್ ಎಂಬ ಎಣಿಕೆಯ ರಿಜಿಸ್ಟರ್ ರಿಸ್ಕ್-ಫೈವ್‌ನಲ್ಲಿ ಇದೆಯಲ್ಲ, ಅದನ್ನು ಜರಡಿಯ ಮೊದಲು ಮತ್ತು ಕೊನೆಯಲ್ಲಿ ಓದಿ ಕಳೆದು ಮುದ್ರಿಸಿದೆ. ನನ್ನ ಎಮ್ಯುಲೇಟರಿನಲ್ಲಿ ಪ್ರತಿ ಸಲವೂ 12 ಕೋಟಿ. ಕ್ಯೂಎಮುವಿನಲ್ಲಿ ಒಮ್ಮೆ 29 ಕೋಟಿ, ಒಮ್ಮೆ 33, ಒಮ್ಮೆ 27. ಅದೇ ಫೈಲ್, ಅದೇ ಉತ್ತರ. ಕ್ಯೂಎಮು ಒಂದೇ ಪ್ರೋಗ್ರಾಮಿಗೆ ದಿನಕ್ಕೊಂದು ಸಂಖ್ಯೆಯ ಇನ್‌ಸ್ಟ್ರಕ್ಷನ್ ಓಡಿಸುತ್ತದೆಯೇ? ಅಥವಾ ನನ್ನ ಎಣಿಕೆಯೇ ತಪ್ಪೇ?

ವರದಿ ಕೊಡಲು ಇನ್ನು ಒಂಬತ್ತು ದಿನ ಇದೆ.

ಸಾಲುಸಾಲು:

ತೆಂಗಿನಗರಿಯವರೇ, ಮೂರನೆಯದರಿಂದ ಶುರುಮಾಡುತ್ತೇನೆ, ಏಕೆಂದರೆ ಆ ಗುಂಡಿಗೆ ನಾನೂ ಬಿದ್ದಿದ್ದೇನೆ. ಐಕೌಂಟ್ ಎಂಬ ಆಯ್ಕೆಯನ್ನು ಕೊಡದೆ ಓಡಿಸಿದರೆ ಕ್ಯೂಎಮು ಇನ್‌ಸ್ಟ್ರಕ್ಷನ್‌ಗಳನ್ನು ಎಣಿಸುವುದೇ ಇಲ್ಲ. ನೀವು ಇನ್‌ಸ್ಟ್ರೆಟ್ ಓದಿದಾಗ ಅದು ಕೈಗೆ ಕೊಡುವುದು ಹೋಸ್ಟ್ ಯಂತ್ರದ, ಅಂದರೆ ಎಮ್ಯುಲೇಟರನ್ನು ಓಡಿಸುವ ಲ್ಯಾಪ್‌ಟಾಪಿನ, ಗಡಿಯಾರದ ಟಿಕ್‌ಗಳನ್ನು. ನಿಮ್ಮ 29 ಕೋಟಿ ಇನ್‌ಸ್ಟ್ರಕ್ಷನ್ ಅಲ್ಲ, ಲ್ಯಾಪ್‌ಟಾಪಿನ ಟಿಕ್. ಪ್ರೊಸೆಸರ್ 2.4 ಗಿಗಾಹರ್ಟ್ಸ್‌ನದ್ದಾದರೆ 29 ಕೋಟಿ ಟಿಕ್ ಎಂದರೆ 0.12 ಸೆಕೆಂಡು. ಬೇಕಾದರೆ ಗಡಿಯಾರದಲ್ಲಿ ನೋಡಿ, ಹತ್ತಿರ ಬರುತ್ತದೆ. ನಿಮ್ಮ ಎಣಿಕೆ ಸರಿಯಾಗಿಯೇ ಇರಬೇಕು.

ಕ್ಯೂಎಮುವಿನಿಂದ ನಿಜವಾದ ಎಣಿಕೆ ಬೇಕಿದ್ದರೆ 4.2ನೇ ಆವೃತ್ತಿಯಿಂದ ಪ್ಲಗಿನ್‌ಗಳಿವೆ. ಇನ್‌ಸ್ಟ್ರಕ್ಷನ್ ಎಣಿಸುವುದಕ್ಕೆಂದೇ ಇರುವ ಚಿಕ್ಕ ಪ್ಲಗಿನ್ ಮೂಲ ಕೋಡಿನ ಜೊತೆಯಲ್ಲೇ ಬರುತ್ತದೆ. ಒಂದು ಎಚ್ಚರಿಕೆ: ಪ್ಲಗಿನ್ ಹಾಕಿದ ಓಟದಲ್ಲಿ ಕಾಲ ಅಳೆಯಬೇಡಿ. ಎಣಿಸುವ ಕೆಲಸವೂ ಹೋಸ್ಟ್ ಪ್ರೊಸೆಸರಿನ ತಲೆಯ ಮೇಲೆಯೇ ಬೀಳುತ್ತದೆ. ಎಣಿಕೆಗೊಂದು ಓಟ, ಕಾಲಕ್ಕೊಂದು ಓಟ. ಐಕೌಂಟ್ ಬೇರೆಯ ಸರಕು. ಅದು ಗೆಸ್ಟ್‌ನ, ಅಂದರೆ ಎಮ್ಯುಲೇಟರಿನ ಒಳಗೆ ಓಡುವ ಪ್ರೋಗ್ರಾಮಿನ, ಪ್ರತಿ ಇನ್‌ಸ್ಟ್ರಕ್ಷನ್ನಿಗೂ ಇಂತಿಷ್ಟು ನ್ಯಾನೊಸೆಕೆಂಡು ಎಂದು ಗೊತ್ತುಮಾಡಿ ಗೆಸ್ಟ್‌ನ ಗಡಿಯಾರವನ್ನು ಅದರ ಮೇಲೆ ನಡೆಸುತ್ತದೆ. ಅದಕ್ಕೆ ಕೊಡುವ ಶಿಫ್ಟ್ ಎಂಬ ಅಂಕಿ 0 ಎಂದರೆ 1 ನ್ಯಾನೊಸೆಕೆಂಡು, 3 ಎಂದರೆ 8. ಓಟವನ್ನು ಮತ್ತೆ ಮತ್ತೆ ಇದ್ದಂತೆಯೇ ಪಡೆಯಲು ಒಳ್ಳೆಯದು. ಗೆಸ್ಟ್ ಒಳಗೆ ಕೂತು ಅದರಿಂದ ವೇಗ ಅಳೆದರೆ ಎಲ್ಲ ಯಂತ್ರದಲ್ಲೂ ಒಂದೇ ವೇಗ ಕಾಣುತ್ತದೆ, ನಿಮ್ಮ ಮೇಡಂಗೆ ಇಷ್ಟವಾದೀತು.

ಈಗ ಮೊದಲನೆಯದಕ್ಕೆ. ನಿಮ್ಮ ಮಾತಿನಲ್ಲಿ ಎರಡು ಎಣಿಕೆಗಳಿವೆ. 12 ಕೋಟಿ ಗೆಸ್ಟ್‌ನದ್ದು, 312 ಕೋಟಿ ಹೋಸ್ಟ್‌ನದ್ದು. ನೆಂಟರು ಒಂದು ಲೋಟ ಕಾಫಿ ಕೇಳಿದರೆ ಅಡುಗೆಮನೆಯಲ್ಲಿ ಎಷ್ಟು ಹೆಜ್ಜೆ ಹಾಕಬೇಕಾಯಿತು ಎಂಬುದು 312 ಭಾಗಿಸು 12, ಅಂದರೆ 26. ನೀವು ಬರೆದ ಕೋಡಿನ ಗುಣ ಈ 26ರಲ್ಲಿದೆ. ಸ್ವಿಚ್ ಇರುವ ಸಾದಾ ಇಂಟರ್‌ಪ್ರಿಟರಿಗೆ ಇದು ಅಚ್ಚರಿಯ ಸಂಖ್ಯೆಯೇನೂ ಅಲ್ಲ. ಒಂದು ಕೂಡುವ ಇನ್‌ಸ್ಟ್ರಕ್ಷನ್ ತೆಗೆದುಕೊಳ್ಳಿ: ನೆನಪಿನಿಂದ ನಾಲ್ಕು ಬೈಟ್ ತರಬೇಕು, ಕೆಳಗಿನ ಏಳು ಬಿಟ್ ಬೇರ್ಪಡಿಸಬೇಕು, ಸ್ವಿಚ್ಚಿನ ಕೋಷ್ಟಕ ನೋಡಿ ಜಿಗಿಯಬೇಕು, ಮೂರು ರಿಜಿಸ್ಟರುಗಳ ಸಂಖ್ಯೆಯನ್ನು ಸರಿಸಿ ಮುಚ್ಚಿ ತೆಗೆಯಬೇಕು, ಎರಡನ್ನು ಓದಬೇಕು, ಕೂಡಬೇಕು, ಬರೆಯಬೇಕು, ಸೊನ್ನೆಯ ರಿಜಿಸ್ಟರಿಗೆ ಬರೆಯಲಿಲ್ಲ ತಾನೇ ಎಂದು ನೋಡಬೇಕು, ವಿಳಾಸಕ್ಕೆ ನಾಲ್ಕು ಸೇರಿಸಬೇಕು, ಎಣಿಕೆಯನ್ನು ಒಂದು ಹೆಚ್ಚಿಸಬೇಕು. ಇವುಗಳಲ್ಲಿ ಕೂಡುವ ಕೆಲಸ ಎಂಬುದು ಒಂದೇ ಒಂದು!

ಇನ್ನು ಓ0 ಏಕೆ ಹೆಚ್ಚು ಮಿಪ್ಸ್ ಕೊಡುತ್ತದೆ? ಜರಡಿಯಲ್ಲಿ ಒಂದು ಸಂಖ್ಯೆಯನ್ನು ಹೊಡೆದುಹಾಕಲು ಓ2ನಲ್ಲಿ ಮೂರೇ ಇನ್‌ಸ್ಟ್ರಕ್ಷನ್: ಒಂದು ಬೈಟ್ ಬರೆ, ವಿಳಾಸಕ್ಕೆ ಕೂಡು, ಮುಗಿಯದಿದ್ದರೆ ಹಿಂದಕ್ಕೆ ಜಿಗಿ. ಓ0ನಲ್ಲಿ ಅದಕ್ಕೇ ಹತ್ತೋ ಹನ್ನೊಂದೋ ಇರುತ್ತವೆ. ಪ್ರತಿ ವೇರಿಯಬಲ್ಲನ್ನೂ ಸ್ಟ್ಯಾಕ್ ಎಂಬ ನೆನಪಿನ ಜಾಗದಿಂದ ತಂದು, ಮುಟ್ಟಿ, ಮತ್ತೆ ಅಲ್ಲೇ ಇಡುತ್ತದೆ. ಸ್ಟ್ಯಾಕ್ ಯಾವಾಗಲೂ ಪ್ರೊಸೆಸರಿಗೆ ತೀರಾ ಹತ್ತಿರದ ಪುಟ್ಟ ನೆನಪಾದ ಎಲ್1 ಕ್ಯಾಶ್‌ನಲ್ಲೇ ಇರುತ್ತದೆ, ಆ ಓಡಾಟ ಅಗ್ಗ. ದುಬಾರಿಯಾದದ್ದು 1 ಕೋಟಿ ಬೈಟಿನ ಪಟ್ಟಿಯಲ್ಲಿ ಹಾರಿ ಹಾರಿ ಬರೆಯುವ ಆ ಒಂದು ಬೈಟ್, ಆ ಪಟ್ಟಿ ಎಲ್1ಕ್ಕಿಂತ ದೊಡ್ಡದಾದ ನಿಮ್ಮ ಎಲ್2 ಕ್ಯಾಶ್‌ಗೂ ಹಿಡಿಸುವುದಿಲ್ಲ. ಆ ದುಬಾರಿ ಬರಹಗಳ ಸಂಖ್ಯೆ ಎರಡರಲ್ಲೂ ಒಂದೇ. ಓ0ನಲ್ಲಿ ಅದರ ಖರ್ಚು ಹನ್ನೊಂದು ಜನರ ಮೇಲೆ ಹಂಚಿಹೋಗುತ್ತದೆ, ಓ2ನಲ್ಲಿ ಮೂವರ ಮೇಲೆ. ಸರಾಸರಿ ತೆಗೆದರೆ ಓ0 ಚುರುಕಾಗಿ ಕಾಣುತ್ತದೆ. ಕೆಲಸಕ್ಕೆ ಬಾರದ ಹೆಜ್ಜೆಗಳನ್ನು ಬೇಗ ಬೇಗ ಹಾಕಿದ್ದಕ್ಕೆ ಸಿಕ್ಕ ಅಂಕ ಅದು.

ಪಟ್ಟಿ ಮಾಡಿದ ಮೇಲೂ ಕಾಲ ಏಕೆ ಇಳಿಯಲಿಲ್ಲ ಎಂಬುದಕ್ಕೆ ಪರ್ಫ್‌ನಲ್ಲಿ ಸೈಕಲ್‌ಗಳನ್ನೂ (ಪ್ರೊಸೆಸರ್ ಗಡಿಯಾರದ ಬಡಿತಗಳು), ತಪ್ಪಿದ ಬ್ರಾಂಚ್ ಊಹೆಗಳನ್ನೂ (ಮುಂದೆ ಎಲ್ಲಿಗೆ ಜಿಗಿಯಬೇಕೆಂದು ಪ್ರೊಸೆಸರ್ ಮೊದಲೇ ಮಾಡುವ ಊಹೆಗಳು) ಜೊತೆಗೆ ಎಣಿಸಿ ನೋಡಿ. ನನ್ನ ಅಂದಾಜು ಇದು: ನೀವು ತೆಗೆದುಹಾಕಿದ್ದು ಸರಿಸುವ, ಮುಚ್ಚುವ ಸಣ್ಣಪುಟ್ಟ ಕೆಲಸಗಳನ್ನು. ಅವುಗಳನ್ನು ಪ್ರೊಸೆಸರ್ ಬೇರೆ ಯಾವುದಕ್ಕೋ ಕಾಯುತ್ತಿದ್ದ ಹೊತ್ತಿನಲ್ಲಿ ಪಕ್ಕದಲ್ಲೇ ಮಾಡಿ ಮುಗಿಸುತ್ತಿತ್ತು. ಕಾಯಿಸುತ್ತಿದ್ದದ್ದು ಮುಂದಿನ ಜಿಗಿತದ ವಿಳಾಸ ಮತ್ತು ಆ ಬೈಟ್, ಅವೆರಡೂ ಇದ್ದಲ್ಲೇ ಇವೆ. ಜೊತೆಗೆ ನಾಲ್ಕು ಬೈಟಿನ ಇನ್‌ಸ್ಟ್ರಕ್ಷನ್ ನಿಮ್ಮ ಪಟ್ಟಿಯಲ್ಲಿ ಎಷ್ಟು ಬೈಟ್ ಆಗಿದೆ? ಹದಿನಾರಿದ್ದರೆ ದೊಡ್ಡ ಪ್ರೋಗ್ರಾಮುಗಳಲ್ಲಿ ಕ್ಯಾಶ್ ನಾಲ್ಕು ಪಟ್ಟು ಬೇಗ ತುಂಬುತ್ತದೆ. ಜರಡಿಯಂಥ ಪುಟ್ಟ ಲೂಪಿನಲ್ಲಿ ಅದು ಕಾಣಿಸದು.

ನಡುರಾತ್ರಿ ಬಿಲ್ಡ್:

ಸಾಲುಸಾಲು ಹೇಳಿದ್ದು ಸರಿ. ಆದರೆ ಇಷ್ಟೆಲ್ಲ ಏಕೆ? ಬಳಸುವವರು ಸೆಕೆಂಡು ನೋಡುತ್ತಾರೆ. "ನಿಮ್ಮ ಆಟ ತಡವರಿಸುತ್ತಿದೆ, ಆದರೆ ಇನ್‌ಸ್ಟ್ರಕ್ಷನ್ ಕಡಿಮೆ ಇವೆ" ಎಂದು ಯಾರಿಗೆ ಹೇಳುತ್ತೀರಿ?

ಎಣಿಕೆಯ ಬೆಲೆ ಬೇರೆ ಕಡೆ ಇದೆ. ನಮ್ಮಲ್ಲಿ ಪ್ರತಿ ರಾತ್ರಿ ಬಿಲ್ಡ್ ಆದ ಮೇಲೆ ನಿನ್ನೆಗಿಂತ ಇಂದು ಕೆಟ್ಟಿದೆಯೇ ಎಂದು ನೋಡುತ್ತೇವೆ. ಹತ್ತು ಜನ ಹಂಚಿಕೊಂಡ ಯಂತ್ರ; ಕಾಲ ಅಳೆದರೆ ಶೇ. 5ರಷ್ಟು ಹೊಯ್ದಾಟ ಸುಮ್ಮನೆ ಇರುತ್ತದೆ. ಶೇ. 1ರಷ್ಟು ಹಾಳಾದದ್ದು ಅದರಲ್ಲಿ ಎಲ್ಲಿ ಕಾಣಬೇಕು? ಎಣಿಕೆಯಲ್ಲಿ ಕಾಣುತ್ತದೆ. ರಸ್ಟ್ ಭಾಷೆಯ ಕಂಪೈಲರಿನ ತಂಡ ಇದನ್ನೇ ಮಾಡುತ್ತದೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನವರು ಕ್ಯಾಶ್‌ಗ್ರಿಂಡ್ ಎಂಬ ಎಣಿಸುವ ಸಾಧನ ಹಿಡಿದು ಎಳ್ಳುಕಾಳಿನಷ್ಟು ಸುಧಾರಣೆಗಳನ್ನು ಒಂದೊಂದಾಗಿ ಕೂಡಿಸಿದ್ದೂ ಹೀಗೆಯೇ. ಕ್ಯೂಎಮುವಿನಲ್ಲೂ 2020ರ ಬೇಸಿಗೆಯಲ್ಲಿ ಒಬ್ಬ ವಿದ್ಯಾರ್ಥಿ ಪರ್ಫ್ ಮತ್ತು ಅಂಥದ್ದೇ ಇನ್ನೊಂದು ಸಾಧನವಾದ ಕಾಲ್‌ಗ್ರಿಂಡ್ ಇಟ್ಟುಕೊಂಡು ಬೇರೆ ಬೇರೆ ಗೆಸ್ಟ್‌ಗಳಿಗೆ ಹೋಸ್ಟ್ ಎಷ್ಟು ಇನ್‌ಸ್ಟ್ರಕ್ಷನ್ ಖರ್ಚು ಮಾಡುತ್ತದೆ ಎಂದು ಲೆಕ್ಕ ಹಾಕಿದ್ದಾರೆ.

ಪರ್ಫ್‌ನ ಆ ಕೆಲವು ಸಾವಿರದ ವ್ಯತ್ಯಾಸ ನಿಮ್ಮ ತಪ್ಪಲ್ಲ. ಯಂತ್ರದ ಬೇರೆ ಭಾಗ ನಡುವೆ ಕರೆದು ಇಂಟರಪ್ಟ್ ಬಂದರೆ, ಬೇಕಾದ ನೆನಪಿನ ಪುಟ ಸಿಗದೆ ಪೇಜ್ ಫಾಲ್ಟ್ ಆದರೆ ಎಕ್ಸ್86ನ ಎಣಿಕೆ ಒಂದೊಂದು ಹೆಚ್ಚಿಕೊಳ್ಳುತ್ತದೆ. ಈ ಕಾಟಕ್ಕೇ, ಒಂದು ಓಟವನ್ನು ದಾಖಲಿಸಿ ಮತ್ತೆ ಇದ್ದಂತೆಯೇ ಓಡಿಸುವ ಆರ್‌ಆರ್ ಡಿಬಗ್ಗರ್ ಇನ್‌ಸ್ಟ್ರಕ್ಷನ್‌ಗಳನ್ನು ಬಿಟ್ಟು ಷರತ್ತಿನ ಬ್ರಾಂಚ್‌ಗಳನ್ನು ಎಣಿಸುತ್ತದೆ. ಇನ್ನೊಂದು: ಎಮ್ಯುಲೇಟರ್ ಶುರುವಾದಾಗ ಗೆಸ್ಟ್‌ನ ನೆನಪನ್ನೆಲ್ಲ ಸೊನ್ನೆ ಮಾಡುತ್ತೀರೇನು? ಮತ್ತೆ ಮತ್ತೆ ಮಾಡು ಎನ್ನುವ ರೆಪ್ ಹಚ್ಚಿದ ಎಕ್ಸ್86 ಇನ್‌ಸ್ಟ್ರಕ್ಷನ್ ಬಳಕೆಯಾದರೆ 64 ಮೆಗಾಬೈಟ್ ತುಂಬಿದರೂ ಎಣಿಕೆಯಲ್ಲಿ ಅದು ಒಂದೇ. ಗಡಿಯಾರಕ್ಕೆ ಮಾತ್ರ ಗೊತ್ತಾಗುತ್ತದೆ.

ಪಂಚ್‌ಕಾರ್ಡ್:

ತಮ್ಮಾ, ಮಿಪ್ಸ್ ಎಂಬ ಪದ ನೋಡಿ ನಗು ಬಂತು. ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ವ್ಯಾಕ್ಸ್-11/780 ಇತ್ತು, 1977ರಲ್ಲಿ ಬಂದ ಯಂತ್ರ. ಕೋಣೆಯಲ್ಲಿ ಎಸಿ ಇದ್ದದ್ದು ಅದಕ್ಕೆ. ನಾವು ಏನಾದರೂ ಕಾರಣ ಹೇಳಿ ಒಳಗೆ ಹೋಗಿ ನಿಲ್ಲುತ್ತಿದ್ದೆವು. ಅದನ್ನು ಲೋಕವೆಲ್ಲ 1 ಮಿಪ್ಸ್ ಯಂತ್ರ ಎನ್ನುತ್ತಿತ್ತು.

1984ರಲ್ಲಿ ಅದರ ಮೇಲೆ ನಿಜವಾದ ಅಳತೆ ನಡೆಸಿದವರ ಲೆಕ್ಕ ಬಂತು. ಒಂದು ಇನ್‌ಸ್ಟ್ರಕ್ಷನ್ನಿಗೆ ಸರಾಸರಿ 10.6 ಸೈಕಲ್. ಒಂದು ಸೈಕಲ್ 200 ನ್ಯಾನೊಸೆಕೆಂಡು. ಗುಣಿಸಿ ನೋಡು: 2.12 ಮೈಕ್ರೊಸೆಕೆಂಡು, ಅಂದರೆ ಸೆಕೆಂಡಿಗೆ ಐದು ಲಕ್ಷಕ್ಕೂ ಕಡಿಮೆ. ಅರ್ಧ ಮಿಪ್ಸ್! 1 ಎಂದು ಹೆಸರಾದದ್ದು, ಆ ಹೊತ್ತಿಗೆ 1 ಮಿಪ್ಸ್ ಎನ್ನಿಸಿಕೊಂಡಿದ್ದ ಐಬಿಎಂ ಯಂತ್ರದಷ್ಟೇ ಹೊತ್ತಿನಲ್ಲಿ ಅದು ಕೆಲಸ ಮುಗಿಸುತ್ತಿದ್ದುದರಿಂದ. ವ್ಯಾಕ್ಸ್‌ನ ಒಂದು ಇನ್‌ಸ್ಟ್ರಕ್ಷನ್ ಹೊತ್ತಷ್ಟು ಭಾರವನ್ನು ಹೊರಲು ಬೇರೆಯವಕ್ಕೆ ಎರಡು ಬೇಕಾಗುತ್ತಿತ್ತು. ಆಮೇಲೆ ಡ್ರೈಸ್ಟೋನ್ ಎಂಬ ವೇಗ ಅಳೆಯುವ ಪ್ರೋಗ್ರಾಮ್ ಬಂದಾಗ ಈ ಯಂತ್ರ ಸೆಕೆಂಡಿಗೆ 1757 ಸುತ್ತು ಹಾಕಿತು ಎಂದು ಎಲ್ಲರ ಅಂಕವನ್ನೂ 1757ರಿಂದ ಭಾಗಿಸಿ ಮಿಪ್ಸ್ ಎಂದರು. ಇಂದಿಗೂ ಪುಟ್ಟ ಚಿಪ್‌ಗಳ ಹಾಳೆಗಳಲ್ಲಿ ಡಿಮಿಪ್ಸ್ ಎಂದು ಕಾಣುವುದು ಅದೇ. ಆ ಎಸಿ ಕೋಣೆ ಹೋಗಿ ಎಷ್ಟೋ ಕಾಲವಾಯಿತು, ಭಾಜಕ ಮಾತ್ರ ಉಳಿದಿದೆ.

ನಿನ್ನ ಗೈಡ್ ಕೇಳಿದ್ದು ತಪ್ಪೇನಲ್ಲ. ಒಂದೇ ಫೈಲನ್ನು ಎರಡು ಎಮ್ಯುಲೇಟರುಗಳಲ್ಲಿ ಓಡಿಸಿ ಹೋಲಿಸುವಾಗ ಮಿಪ್ಸ್ ಪ್ರಾಮಾಣಿಕವಾದ ಅಂಕಿಯೇ, ಮೇಲಿನ 12 ಕೋಟಿ ಎರಡರಲ್ಲೂ ಒಂದೇ ಆದ್ದರಿಂದ. ಫೈಲ್ ಬದಲಾಯಿಸಿದೆಯೋ, ಕೆಟ್ಟಿತು. ಆದ್ದರಿಂದ ಅಂಕಿಯ ಪಕ್ಕದಲ್ಲಿ ಯಾವ ಫೈಲ್, ಯಾವ ಕಂಪೈಲರ್, ಯಾವ ಓ ಎಂದು ಬರೆ. ಮತ್ತೊಂದು: ಎರಡರ ಎಣಿಕೆಯೂ ಕೊನೆಯ ಅಂಕಿಯವರೆಗೆ ಹೊಂದುತ್ತದೆಯೇ ನೋಡು. ಲೈಬ್ರರಿ ಇಲ್ಲದ, ಎರಡೇ ಸಿಸ್ಟಮ್ ಕಾಲ್ ಇರುವ ಪ್ರೋಗ್ರಾಮಿನಲ್ಲಿ ಹೊಂದಲೇಬೇಕು. "ಸುಮಾರು 12 ಕೋಟಿ" ಎಂದರೆ ನಾನಾದರೆ ವರದಿ ವಾಪಸು ಕಳಿಸುತ್ತಿದ್ದೆ.

ತೆಂಗಿನಗರಿ:

ಎಲ್ಲರಿಗೂ ಧನ್ಯವಾದ. ಪಂಚ್‌ಕಾರ್ಡ್ ಸರ್, ತಮ್ಮ ಅಲ್ಲ, ತಂಗಿ!

ಮೂರು ದಿನ ಕೂತು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಜರಡಿಯೊಳಗಿನ ಇನ್‌ಸ್ಟ್ರೆಟ್ ಸಾಲುಗಳನ್ನೇ ಕಿತ್ತುಹಾಕಿದೆ. ಆ ಸಂಖ್ಯೆಯನ್ನು ಮುದ್ರಿಸುವುದಕ್ಕೂ ಇನ್‌ಸ್ಟ್ರಕ್ಷನ್ ಬೇಕು, ಸಂಖ್ಯೆಯಲ್ಲಿ ಅಂಕಿಗಳು ಹೆಚ್ಚಾದರೆ ಅವೂ ಹೆಚ್ಚಾಗುತ್ತವೆ ಎಂಬುದು ತಡವಾಗಿ ಹೊಳೆಯಿತು. ಆಮೇಲೆ ಕ್ಯೂಎಮುವಿಗೆ ಪ್ಲಗಿನ್ ಹಾಕಿ ಓಡಿಸಿದೆ. ಐದು ಸಲ ಓಡಿಸಿದರೂ ಅದೇ ಸಂಖ್ಯೆ: 12,04,31,878. ನನ್ನದು, ಐದು ಸಲವೂ: 12,04,31,877.

ಒಂದು. ಬರೀ ಒಂದು! ಸಾವಿರ ವ್ಯತ್ಯಾಸ ಬಂದಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಪಂಚ್‌ಕಾರ್ಡ್ ಸರ್ ವರದಿಯನ್ನು ವಾಪಸು ಕಳಿಸುವ ಚಿತ್ರ ಕಣ್ಣ ಮುಂದೆ ಬಂದು ರಾತ್ರಿ ಹನ್ನೊಂದರವರೆಗೆ ಇಬ್ಬರ ಜಾಡನ್ನೂ ಸಾಲು ಸಾಲಾಗಿ ಹೋಲಿಸಿದೆ. 1 ಕೋಟಿಗೆ ಅಲ್ಲ, ಜರಡಿಯನ್ನು 100ಕ್ಕೆ ಇಳಿಸಿಕೊಂಡು. ಆಗಲೂ ಒಂದೇ ವ್ಯತ್ಯಾಸ. ಅಂದರೆ ಲೂಪಿನಲ್ಲಿ ಅಲ್ಲ, ತುದಿಯಲ್ಲೆಲ್ಲೋ. ಇದ್ದದ್ದು ಕಟ್ಟಕಡೆಯ ಸಾಲಿನಲ್ಲಿ. ಪ್ರೋಗ್ರಾಮ್ ಮುಗಿಸುವ ಸಿಸ್ಟಮ್ ಕಾಲ್ ಬಂದಾಗ ನನ್ನ ಕೋಡ್ ಅಲ್ಲಿಂದಲೇ ಹೊರಗೆ ಹೋಗುತ್ತದೆ, ಎಣಿಕೆ ಹೆಚ್ಚಿಸುವ ಸಾಲು ಅದರ ಕೆಳಗಿದೆ. ತನ್ನ ಕೊನೆಯ ಇನ್‌ಸ್ಟ್ರಕ್ಷನ್ನನ್ನು ಲೆಕ್ಕಕ್ಕೆ ಹಿಡಿಯದೆ ಎದ್ದು ಹೋಗುತ್ತಿತ್ತು. ಸಾಲನ್ನು ಮೇಲಕ್ಕೆ ಸರಿಸಿದೆ. ಈಗ ಎರಡೂ 878.

ಕಾಲದ ಬಗ್ಗೆ: ಕ್ಯೂಎಮು ಮೊದಲು ಅನುವಾದ ಮಾಡಿ ಆಮೇಲೆ ಓಡಿಸುವುದರಿಂದ ಶುರುವಿನ ಖರ್ಚು ಇರುತ್ತದಲ್ಲ, ಅದನ್ನು ಕಳೆಯಲು ಜರಡಿಯನ್ನು 10 ಲಕ್ಷಕ್ಕೂ 1 ಕೋಟಿಗೂ ಓಡಿಸಿ ವ್ಯತ್ಯಾಸವನ್ನಷ್ಟೇ ಹಿಡಿದೆ. ಗೆಸ್ಟ್‌ನ ಒಂದು ಇನ್‌ಸ್ಟ್ರಕ್ಷನ್ನಿಗೆ ನನ್ನ ಎಮ್ಯುಲೇಟರ್ ಹೋಸ್ಟ್‌ನಲ್ಲಿ 17 ಖರ್ಚು ಮಾಡುತ್ತದೆ. ಕ್ಯೂಎಮು 4ರ ಒಳಗೆ. ಒಂದು ಗಂಟೆ ಬೇಜಾರಾಗಿ ತೋಟಕ್ಕೆ ಹೋಗಿ ಬಂದೆ.

ಸಾಲುಸಾಲು ಅವರ ಅಂದಾಜು ಅರ್ಧ ಸರಿ. ಬ್ರಾಂಚ್ ಊಹೆಗಳು ತಪ್ಪಿದ್ದು ತೀರಾ ಕಡಿಮೆ. ಮೂರೇ ಇನ್‌ಸ್ಟ್ರಕ್ಷನ್ನಿನ ಲೂಪನ್ನು ಪ್ರೊಸೆಸರ್ ಬಾಯಿಪಾಠ ಮಾಡಿಕೊಂಡಿದೆ. ಕಾಯಿಸುತ್ತಿದ್ದದ್ದು ಆ ಬೈಟ್. ಜರಡಿಯನ್ನು 30 ಸಾವಿರಕ್ಕೆ ಇಳಿಸಿ, ಅಂದರೆ ಪಟ್ಟಿಯೆಲ್ಲ ಎಲ್1ರಲ್ಲೇ ಹಿಡಿಸುವ ಹಾಗೆ ಮಾಡಿ, ನೂರಾರು ಸಲ ಸುತ್ತಿಸಿ ನೋಡಿದೆ. ಆಗ ಬಿಡಿಸಿಟ್ಟ ಪಟ್ಟಿಯ ಲಾಭ ಕಾಲದಲ್ಲೂ ಚೆನ್ನಾಗಿ ಕಾಣಿಸಿತು. ಪಟ್ಟಿಯ ಒಂದೊಂದು ಸಾಲು ಹದಿನಾರು ಬೈಟೇ, ಸರಿಯಾಗಿ ಊಹಿಸಿದಿರಿ.

ವರದಿಯ ಮೊದಲ ಪುಟಕ್ಕೆ ಮಿಪ್ಸ್ ಒಂದೇ ಇದೆ, ಓ2ನದ್ದು, ಫೈಲ್ ಮತ್ತು ಕಂಪೈಲರಿನ ಹೆಸರಿನೊಂದಿಗೆ. ಕೆಳಗಿನ ಸಾಲಿನಲ್ಲಿ 17. ಮೇಡಂ ನೋಡಿ, "ಇದೇನು ಹದಿನೇಳು?" ಎಂದರು. ಕಾಫಿಯ ಲೋಟ, ಅಡುಗೆಮನೆಯ ಹೆಜ್ಜೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಯೂಎಮುವಿನದ್ದೂ ಪಕ್ಕದಲ್ಲಿ ಬರೆ" ಎಂದರು. ಬರೆಯಬೇಕು.

ಇನ್ನೊಂದು ಸಣ್ಣ ಪ್ರಶ್ನೆ ಉಳಿದಿದೆ. ಎಣಿಕೆಯನ್ನು ಪ್ರತಿ ಇನ್‌ಸ್ಟ್ರಕ್ಷನ್ನಿಗೂ ಹೆಚ್ಚಿಸುವ ಬದಲು ನಡುವೆ ಜಿಗಿತವಿಲ್ಲದೆ ಸಾಲಾಗಿ ಓಡುವ ಒಂದು ಬ್ಲಾಕಿಗೆ ಒಮ್ಮೆ, ಅದರಲ್ಲಿ ಎಷ್ಟಿವೆಯೋ ಅಷ್ಟನ್ನು ಒಟ್ಟಿಗೆ ಕೂಡಿದರೆ 17 ಇನ್ನೂ ಇಳಿಯುತ್ತದೆ. ಬ್ಲಾಕಿನ ನಡುವೆ ದೋಷ ಬಂದು ಅರ್ಧಕ್ಕೇ ನಿಂತರೆ ಕೂಡಿದ್ದನ್ನು ವಾಪಸು ಕೊಡುವುದು ಹೇಗೆ? ಕರೆಂಟ್ ಹೋಗಿದೆ, ಬ್ಯಾಟರಿ ಶೇ. 40 ಇದೆ. ಎಣಿಕೆಯ ಕೆಲಸವಾದ್ದರಿಂದ ಪರವಾಗಿಲ್ಲ, ಯಾರಾದರೂ ಹೇಳಿದರೆ ಈಗಲೇ ಮಾಡಿ ನೋಡುತ್ತೇನೆ.

ಸಾಲುಸಾಲು:

ದೋಷ ಬಂದ ಇನ್‌ಸ್ಟ್ರಕ್ಷನ್ನಿನ ವಿಳಾಸ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಬ್ಲಾಕಿನ ಕೊನೆಯ ಇನ್‌ಸ್ಟ್ರಕ್ಷನ್ನಿನ ವಿಳಾಸದಿಂದ ಅದನ್ನು ಕಳೆದು ನಾಲ್ಕರಿಂದ ಭಾಗಿಸಿ. ಓಡದೆ ಉಳಿದವು ಎಷ್ಟು ಎಂದು ಸಿಗುತ್ತದೆ. ದೋಷ ಬಂದದ್ದೂ ಮುಗಿದಿಲ್ಲ, ಅದನ್ನೂ ಸೇರಿಸಿಯೇ ವಾಪಸು ಮಾಡಿ. ಇಲ್ಲದಿದ್ದರೆ ಮತ್ತೆ ಒಂದು ವ್ಯತ್ಯಾಸ ಬರುತ್ತದೆ.